ಬಟ್ಟೆ ಒಣಗುವ ತಂತಿ ಹೇಳಿದ್ದು

(ಭಾನುವಾರ ಬೆಳಗಿನ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಮಾತಿನ ಬರಹರೂಪ)



ಚೆನ್ನೈಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗ ಯಾವುದು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು, ನಮ್ಮ ಸ್ಟುಡಿಯೋ. ಯಂತ್ರಗಳಿಗೆ ತಂಪು ಬೇಕಲ್ಲ, ಹಾಗಾಗಿ ಮೇ ತಿಂಗಳಲ್ಲೂ ನಾನು ಒಳಗೆ ಸ್ವೆಟರ್ ಹಾಕಿಕೊಂಡೇ ಕೂತಿರುತ್ತೇನೆ. ಸ್ವೆಟರ್ ಹಾಕಿಕೊಂಡೇ "ಇಂದು ನಗರದ ಗರಿಷ್ಠ ತಾಪಮಾನ 39 ಡಿಗ್ರಿ ಸೆಲ್ಸಿಯಸ್" ಎಂದು ನಿಮಗೆಲ್ಲ ಓದಿ ಹೇಳುತ್ತೇನೆ. ವರ್ಷಗಟ್ಟಲೆ ಓದಿದ್ದೇನೆ. ಆ 39ರ ಅರ್ಥ ಮಾತ್ರ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು 2022ರ ಏಪ್ರಿಲ್‌ನಲ್ಲಿ, ಮಗಳನ್ನು ಹೊರಗೆ ಕರೆದುಕೊಂಡು ಹೋದ ಒಂದು ದಿನ.

ಆಗ ಅವಳಿಗೆ ಐದು ವರ್ಷ. ಮೈಸೂರಿನಿಂದ ತಮ್ಮನ ಮಗ ರಜೆಗೆ ಬಂದಿದ್ದ, ಅವನಿಗೆ ಎಂಟು. ಮಕ್ಕಳನ್ನು ಊರಾಚೆಯ ಒಂದು ದೊಡ್ಡ ಉದ್ಯಾನಕ್ಕೆ ಕರೆದುಕೊಂಡು ಹೋಗೋಣ ಅಂತ ಹೊರಟೆವು. ನಾವು ಮೈಸೂರಿನವರು ಹೊರಡುವ ಕ್ರಮ ನಿಮಗೆ ಗೊತ್ತೇ ಇದೆ. ಎದ್ದು, ಸಾವಕಾಶವಾಗಿ ಕಾಫಿ ಕುಡಿದು, ದೋಸೆ ತಿಂದು, ಹತ್ತೂವರೆಗೆ ಮನೆ ಬಿಟ್ಟು, ಹನ್ನೊಂದೂವರೆಗೆ ಗೇಟಿನ ಮುಂದೆ. ಮೈಸೂರಿನಲ್ಲಿ ಇದು ನಡೆಯುತ್ತದೆ. ಕಾರಂಜಿ ಕೆರೆ ಸುತ್ತಿ ಬರುವಷ್ಟು ಹೊತ್ತಿಗೆ ಹಸಿವಾಗುತ್ತದೆ, ಅಷ್ಟೇ. ಮಗಳು ಮಿಂಚು ಅಂಟಿಸಿದ ನೈಲಾನ್ ಫ್ರಾಕು, ಕಾಲುಚೀಲ, ಬೂಟು ಹಾಕಿಕೊಂಡಿದ್ದಳು. ಫೋಟೋ ಚೆನ್ನಾಗಿ ಬರುತ್ತದೆ ಅಂತ ನಾನೇ ಹಾಕಿದ್ದು. ನಾಲ್ಕು ಜನಕ್ಕೆ ಒಂದು ಲೀಟರಿನ ಒಂದು ಬಾಟಲಿ ನೀರು.

ಹನ್ನೆರಡೂವರೆಯ ಹೊತ್ತಿಗೆ ಅವಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಈಗ ಯೋಚಿಸಿದರೆ ಅದೇ ಮೊದಲ ಸೂಚನೆ. ಐದು ವರ್ಷದ ಮಗು ಹೊಸ ಜಾಗದಲ್ಲಿ ಸುಮ್ಮನಾಯಿತು ಅಂದರೆ ಏನೋ ಆಗಿದೆ ಅಂತಲೇ ಲೆಕ್ಕ. ನಮಗೆ ಆಗ ಅದು ಹೊಳೆಯಲಿಲ್ಲ. "ಕಾಲು ನೋವು, ಎತ್ತಿಕೋ" ಅಂದಳು. "ಅಣ್ಣ ನಡೀತಿಲ್ವಾ, ನೀನೂ ನಡಿ" ಅಂದೆ. ಹಠ ಅಂದುಕೊಂಡೆ. ಇನ್ನು ಹತ್ತು ನಿಮಿಷಕ್ಕೆ ವಾಂತಿ ಮಾಡಿಕೊಂಡಳು. ಮುಖ ಬಿಳಚಿಕೊಂಡಿತ್ತು, ಮೈಯೆಲ್ಲ ಬೆವೆತು ಅಂಟಂಟು, ಕತ್ತು ನಿಲ್ಲುತ್ತಿರಲಿಲ್ಲ. ಗೇಟಿನ ಹತ್ತಿರ ಹೂವು ಮಾರುತ್ತಿದ್ದ ಒಬ್ಬ ಅಜ್ಜಿ ಓಡಿ ಬಂದು ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡರು. ಮರದ ಕೆಳಗೆ ಮಲಗಿಸಿ, ಬೂಟು, ಕಾಲುಚೀಲ, ಫ್ರಾಕು ಎಲ್ಲ ಕಳಚಿ, ಹೂವಿಗೆ ಚಿಮುಕಿಸುವ ನೀರಿನಲ್ಲಿ ಬಟ್ಟೆ ಅದ್ದಿ ಮೈಮೇಲೆ ಹಾಕಿ, ತಾಳೆಗರಿಯ ಬೀಸಣಿಗೆಯಲ್ಲಿ ಬೀಸಿದರು. ಬೀಸುತ್ತಲೇ ತಮಿಳಿನಲ್ಲಿ ನನ್ನನ್ನು ಬೈದರು. ಆ ಬೈಗುಳ ನನಗೆ ಪೂರ್ತಿ ಅರ್ಥವಾಯಿತು, ಒಂದು ಮಾತನ್ನೂ ನಾನು ಅಲ್ಲಗಳೆಯಲಾರೆ.

ಅರ್ಧ ಗಂಟೆಯಲ್ಲಿ ಮಗಳು ಕಣ್ಣು ಬಿಟ್ಟು ನೀರು ಕೇಳಿದಳು. ಸಂಜೆ ಡಾಕ್ಟರು ನೋಡಿ, ಬಿಸಿಲಿನ ಬಳಲಿಕೆ, ಸದ್ಯ ಅಷ್ಟಕ್ಕೇ ನಿಂತಿತು ಅಂದರು. ಆ ಅಜ್ಜಿ ಮಾಡಿದ್ದು ಸರಿಯಾದ ಚಿಕಿತ್ಸೆ ಅಂತಲೂ ಹೇಳಿದರು.

ಅದಾದ ಮೇಲೆ ನಾವು ಬಾಗಿಲು ಹಾಕಿಕೊಂಡೆವು. ಉತ್ಪ್ರೇಕ್ಷೆ ಅಲ್ಲ. ಶಾಲೆ, ಮನೆ, ಮಾಲ್ ಬಿಟ್ಟರೆ ಸುಮಾರು ಒಂದು ವರ್ಷ ಅವಳು ಎಲ್ಲಿಗೂ ಹೋಗಲಿಲ್ಲ. ಬಾಲ್ಕನಿಗೆ ಹೋದರೂ "ಬಿಸಿಲು, ಒಳಗೆ ಬಾ" ಅಂತ ಕೂಗುತ್ತಿದ್ದೆ. ಅವಳೂ ಒಗ್ಗಿಕೊಂಡಳು. ಟಿವಿ, ಮೊಬೈಲು, ಬಣ್ಣದ ಪುಸ್ತಕ. ಆರನೇ ವರ್ಷಕ್ಕೆ ಕನ್ನಡಕ ಬಂತು. ಕಣ್ಣಿನ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಮಗು ದಿನಕ್ಕೆ ಎಷ್ಟು ಹೊತ್ತು ಹೊರಗಿರುತ್ತದೆ? ಹೊರಗಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ದೂರದ್ದು ಮಸುಕಾಗುವ ಈ ತೊಂದರೆ ಕಡಿಮೆ ಅಂತ ಅವರು ವಿವರಿಸಿದರು. ನೇರ ಬಿಸಿಲೇ ಬೇಕೆಂದಿಲ್ಲ, ಮರದ ನೆರಳಿನ ಬೆಳಕೂ ಮನೆಯೊಳಗಿನ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು. ನಾನು, "ಈ ಊರಿನ ಬಿಸಿಲು ನಿಮಗೆ ಗೊತ್ತಲ್ಲ ಡಾಕ್ಟ್ರೇ" ಅಂದೆ. "ಬೆಳಿಗ್ಗೆ ಆರು ಗಂಟೆಗೆ ಎಷ್ಟಿರುತ್ತದಮ್ಮ?" ಅಂದರು. ನನ್ನಲ್ಲಿ ಉತ್ತರವಿರಲಿಲ್ಲ. ಬೆಳಗಿನ ಪಾಳಿ ಇಲ್ಲದ ದಿನ ಆರು ಗಂಟೆಯನ್ನು ನಾನು ನೋಡಿದವಳೇ ಅಲ್ಲ.

ಆಮೇಲೆ ಶುರುವಾಯಿತು ನನ್ನ ಪಾಠ. ಮೊದಲು ಆ 39ರ ವಿಚಾರ ತಿಳಿದುಕೊಂಡೆ. ಹವಾಮಾನ ಇಲಾಖೆಯವರು ತಾಪ ಅಳೆಯುವುದು ಬಿಸಿಲಿನಲ್ಲಿ ಅಲ್ಲ, ನೆರಳಿನಲ್ಲಿ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿ ಆಡುವ ಸಂದುಗಳಿರುವ ಒಂದು ಬಿಳಿ ಪೆಟ್ಟಿಗೆಯೊಳಗೆ ಆ ಮಾಪಕ ಇರುತ್ತದೆ. ನಾನು ರೇಡಿಯೋದಲ್ಲಿ ಓದುವುದು ಆ ಪೆಟ್ಟಿಗೆಯ ಸೆಕೆಯನ್ನು. ಐದು ವರ್ಷದ ಮಗುವಿನ ಮುಖ ಇರುವುದು ಮೂರಡಿಯ ಆಸುಪಾಸಿನಲ್ಲಿ, ಕಾದ ಡಾಂಬರಿಗೆ ಹತ್ತಿರ, ನೆತ್ತಿಯ ಮೇಲೆ ನೇರ ಬಿಸಿಲು. ನಾವು ದೊಡ್ಡವರು ಮೇಲೆ ಗಾಳಿಯಲ್ಲಿ ನಡೆಯುತ್ತೇವೆ, ಮಗು ಕೆಳಗೆ ಕಾವಲಿಯ ಮೇಲೆ ನಡೆಯುತ್ತದೆ. ಮಕ್ಕಳ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ವಿಸ್ತಾರ ನಮಗಿಂತ ಹೆಚ್ಚು, ಹಾಗಾಗಿ ಹೊರಗಿನ ಕಾವು ಅವರ ಮೈಗೆ ಬೇಗ ಹತ್ತುತ್ತದೆ. ಅದರ ಜೊತೆಗೆ ಸಮುದ್ರದ ಊರಿನ ತೇವ. ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರಿದರೆ ತಾನೆ ಮೈ ತಣ್ಣಗಾಗುವುದು? ಕಲಬುರಗಿಯ ಬಿಸಿಲು ನೋಡಿದವರು "ಇದೇನು ಮಹಾ" ಅನ್ನುತ್ತಾರೆ. ಅಲ್ಲಿ ಸಂಖ್ಯೆ ದೊಡ್ಡದು, ನಿಜ. ಆದರೆ ಅಲ್ಲಿನ ಒಣಗಾಳಿಯಲ್ಲಿ ಬೆವರು ಆರುತ್ತದೆ.

ಚೆನ್ನೈಯಲ್ಲೂ ಸಂಖ್ಯೆ ಸಣ್ಣದೇನಲ್ಲ ಬಿಡಿ. 2003ರ ಮೇ 31ರಂದು ಇಲ್ಲಿ 45 ಡಿಗ್ರಿ ಮುಟ್ಟಿತ್ತು.

ಎರಡನೆಯ ಪಾಠ ಕಡಲ ಗಾಳಿಯದು. ಇದನ್ನು ಕಲಿಸಿದವರು ನಮ್ಮ ಮೇಲಿನ ಮನೆಯ ಮಾಮಿ. ಬೆಳಿಗ್ಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಸಾಮಾನ್ಯವಾಗಿ ಮಧ್ಯಾಹ್ನದ ಆಸುಪಾಸಿನಲ್ಲಿ ಬಂದುಬಿಡುತ್ತದೆ. ಬಂದ ದಿನ ಸಂಜೆ ಹಿತ. ಆದರೆ ಮೇ ಕೊನೆ, ಜೂನ್‌ನಲ್ಲಿ ಪಡುವಣ ಗಾಳಿ ಜೋರಾಗಿದ್ದರೆ ಅದು ಕಡಲ ಗಾಳಿಯನ್ನು ತಡೆದು ನಿಲ್ಲಿಸುತ್ತದೆ. ಆ ದಿನ ಊರು ಬೇಯುತ್ತದೆ. ಮಾಮಿ ಇದನ್ನು ತಿಳಿಯುವುದು ಬಟ್ಟೆ ಒಣಹಾಕುವ ತಂತಿ ನೋಡಿ. ಬಟ್ಟೆ ಒಳನಾಡಿನ ಕಡೆಗೆ ಹಾರುತ್ತಿದ್ದರೆ ಕಡಲ ಗಾಳಿ ಬಂದಿದೆ, ಮಕ್ಕಳನ್ನು ಸಂಜೆ ಹೊರಗೆ ಬಿಡಬಹುದು. ಸಮುದ್ರದ ಕಡೆಗೆ ಹಾರುತ್ತಿದ್ದರೆ ಇವತ್ತು ಪಾರ್ಕೂ ಇಲ್ಲ, ಗೀರ್ಕೂ ಇಲ್ಲ. ನಮ್ಮ ಬುಲೆಟಿನ್‌ಗಿಂತ ಈ ತಂತಿಯ ಮೇಲೆ ನನಗೆ ಈಗ ನಂಬಿಕೆ ಜಾಸ್ತಿ. ನಿಲಯದವರು ಬೇಜಾರು ಮಾಡಿಕೊಳ್ಳಬಾರದು.

ಮೇ ತಿಂಗಳ ಮೊದಲ ವಾರದಿಂದ ಸುಮಾರು 25 ದಿನಗಳನ್ನು ಇಲ್ಲಿಯವರು ಅಗ್ನಿ ನಕ್ಷತ್ರ, ಕತ್ತಿರಿ ಬಿಸಿಲು ಅನ್ನುತ್ತಾರೆ. ಕತ್ತಿರಿ ಅಂದರೆ ಕೃತ್ತಿಕೆಯೇ. ನಮ್ಮ ಕಡೆ ರೈತರು ಅದೇ ದಿನಗಳಲ್ಲಿ ಕೃತ್ತಿಕಾ ಮಳೆ ಬಂತೇ ಅಂತ ಮೋಡ ನೋಡುತ್ತಾರೆ! ನಕ್ಷತ್ರ ಒಂದೇ, ಅಲ್ಲಿ ಮಳೆಯ ಹೆಸರು, ಇಲ್ಲಿ ಬೆಂಕಿಯ ಹೆಸರು. ಈ ಊರಿಗೆ ಬಂದು ನೆಲೆಸಿದ ಕನ್ನಡದವರು ಈ ವ್ಯತ್ಯಾಸ ಅರ್ಥ ಮಾಡಿಕೊಳ್ಳುವುದಕ್ಕೆ ಒಂದೆರಡು ಬೇಸಿಗೆ ಬೇಕಾಗುತ್ತದೆ. ಊರಿನಿಂದ ಬರುವ ಅಜ್ಜ ಅಜ್ಜಿಯರಿಗೆ, ಮಕ್ಕಳಿಗೆ ಆ ಅವಕಾಶವೂ ಇರುವುದಿಲ್ಲ. ಮೈ ಸೆಕೆಗೆ ಒಗ್ಗುವುದಕ್ಕೆ ಒಂದೆರಡು ವಾರವಾದರೂ ಬೇಕು. ರೈಲಿಳಿದ ಮರುದಿನವೇ ಊರು ತೋರಿಸುವ ಉತ್ಸಾಹ ಬೇಡ.

ಹಾಗಂತ ಮೇ ತಿಂಗಳೊಂದನ್ನೇ ದೂರುವುದೂ ಸರಿಯಲ್ಲ. 2024ರ ಅಕ್ಟೋಬರ್ 6ರಂದು ಮರೀನಾದಲ್ಲಿ ವಾಯುಪಡೆಯ ವಿಮಾನ ಪ್ರದರ್ಶನ ನಡೆಯಿತಲ್ಲ, ನೆನಪಿದೆಯೇ? ಲಕ್ಷಾಂತರ ಜನ ಸೇರಿದ್ದರು, ಎಷ್ಟೋ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು. ಪ್ರದರ್ಶನ ನಡೆದದ್ದು ಹನ್ನೊಂದರಿಂದ ಮಧ್ಯಾಹ್ನ ಒಂದರವರೆಗೆ. ಬಿಸಿಲು, ನೂಕುನುಗ್ಗಲು, ಕುಡಿಯುವುದಕ್ಕೆ ನೀರಿಲ್ಲ. ಐದು ಜನ ತೀರಿಕೊಂಡರು, ಅನೇಕರು ಆಸ್ಪತ್ರೆ ಸೇರಿದರು. ಅದು ಅಕ್ಟೋಬರ್. ನಾವು ಆ ದಿನ ಹೋಗದೆ ಟಿವಿಯಲ್ಲಿ ನೋಡಿದೆವು. ಮಗಳು ಅತ್ತಳು. ಅಳಲಿ ಅಂತ ಬಿಟ್ಟೆ.

ಈಗ ಎಲ್ಲಿಗೆ ಹೋಗುತ್ತೇವೆ ಅಂತ ಹೇಳುತ್ತೇನೆ. ಬೆಳಗಿನ ಹೊತ್ತು ನನ್ನ ಮೊದಲ ಆಯ್ಕೆ. ಮೇ ತಿಂಗಳಲ್ಲಿ ಇಲ್ಲಿ ಆರಕ್ಕೆ ಮುಂಚೆಯೇ ಸೂರ್ಯ ಹುಟ್ಟುತ್ತದೆ. ಐದೂವರೆಗೆ ಬೆಸೆಂಟ್ ನಗರದ ಎಲಿಯಟ್ಸ್ ಬೀಚಿನಲ್ಲಿ ಇದ್ದರೆ ಸಮುದ್ರದೊಳಗಿಂದ ಸೂರ್ಯ ಏಳುವುದು ಕಾಣಿಸುತ್ತದೆ. ಮಲ್ಪೆ, ಪಣಂಬೂರು ನೋಡಿ ಬೆಳೆದ ಕರಾವಳಿಯವರಿಗೆ ಇದು ತಲೆಕೆಳಗು ಅನ್ನಿಸಬಹುದು, ಅಲ್ಲಿ ಮುಳುಗುತ್ತದೆ, ಇಲ್ಲಿ ಹುಟ್ಟುತ್ತದೆ. ಏಳೂವರೆಗೆ ವಾಪಸು. ಎರಡು ಗಂಟೆಯ ಬೆಳಕು ಸಿಕ್ಕಿತು, ಕಣ್ಣಿನ ಡಾಕ್ಟರ ಲೆಕ್ಕವೂ ಮುಗಿಯಿತು. ನೀರಿಗೆ ಮಾತ್ರ ಇಳಿಸಬೇಡಿ. ಇಲ್ಲಿಯ ಕಡಲು ದಡದಲ್ಲೇ ಆಳ, ಸೆಳೆತ ಬಹಳ. ಮರೀನಾದಲ್ಲಿ ಈಜು ನಿಷಿದ್ಧ. ಎಲಿಯಟ್ಸ್ ಬೀಚಿನಲ್ಲಿರುವ ಬಿಳಿಯ ಕಮಾನಿನ ಸ್ಮಾರಕ ಇರುವುದೇ 1930ರಲ್ಲಿ ಮುಳುಗುತ್ತಿದ್ದವರನ್ನು ಉಳಿಸಲು ಹೋಗಿ ಪ್ರಾಣ ಬಿಟ್ಟ ಶ್ಮಿಟ್ ಎಂಬ ಡೆನ್ಮಾರ್ಕಿನವರ ನೆನಪಿಗೆ. ಮಗಳಿಗೆ ಆ ಕಥೆ ಹೇಳಿದ್ದೇನೆ, ಪಾದ ನೆನೆಯುವಷ್ಟಕ್ಕೆ ತಾನೇ ನಿಲ್ಲುತ್ತಾಳೆ.

ಗಿಂಡಿಯ ಮಕ್ಕಳ ಉದ್ಯಾನ ನಿಮಗೆ ಗೊತ್ತು. ಊರಿನ ನಡುವೆಯೇ ಇರುವ ರಾಷ್ಟ್ರೀಯ ಉದ್ಯಾನದ ಅಂಚು ಅದು, ಆ ಕಾಡಿನಲ್ಲಿ ಕೃಷ್ಣಮೃಗಗಳೂ ಚುಕ್ಕೆ ಜಿಂಕೆಗಳೂ ಇವೆ. ಪಕ್ಕದಲ್ಲೇ ಹಾವುಗಳ ಉದ್ಯಾನ. ಒಳ್ಳೆಯ ನೆರಳು. ಗೇಟು ತೆರೆಯುತ್ತಲೇ ಹೋಗಿ, ಹನ್ನೊಂದಕ್ಕೆ ಮುಂಚೆ ಹೊರಬನ್ನಿ. ಮಂಗಳವಾರ ರಜೆ, ನಾವು ಒಮ್ಮೆ ಹೋಗಿ ಬೀಗ ನೋಡಿ ಬಂದಿದ್ದೇವೆ. ಅಡ್ಯಾರಿನ ಥಿಯಾಸಾಫಿಕಲ್ ಸೊಸೈಟಿಯ ದೊಡ್ಡ ಆಲದ ಮರವನ್ನೂ ತೋರಿಸಿ. ಅದರ ಮೂಲ ಕಾಂಡ 1989ರ ಬಿರುಗಾಳಿಗೆ ಉರುಳಿತು, ಆದರೆ ಬಿಳಲುಗಳೇ ಕಂಬಗಳಾಗಿ ಮರ ಇನ್ನೂ ನಿಂತಿದೆ. ಜನರನ್ನು ಒಳಗೆ ಬಿಡುವ ಹೊತ್ತು ಕಡಿಮೆ, ವಿಚಾರಿಸಿಕೊಂಡು ಹೋಗಬೇಕು.

ಕೆಥೆಡ್ರಲ್ ರಸ್ತೆಯ ಸೆಮ್ಮೊಳಿ ಪೂಂಗಾದ ಬಗ್ಗೆ ಸ್ವಲ್ಪ ಹೆಚ್ಚು ಹೇಳುವ ಆಸೆ. ಸುಮಾರು 20 ಎಕರೆಯ ಈ ಸಸ್ಯೋದ್ಯಾನ 2010ರಲ್ಲಿ ತೆರೆಯಿತು. ಅದಕ್ಕೆ ಮುಂಚೆ ಅಲ್ಲಿದ್ದದ್ದು ನಮ್ಮವರೇ ಆದ, ದಕ್ಷಿಣ ಕನ್ನಡದ ಕಡಂದಲೆಯ ಕೃಷ್ಣರಾಯರ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. 1962ರಿಂದ 2008ರವರೆಗೆ ನಡೆಯಿತು. ಕಾರಿನ ಬಾಗಿಲಿಗೆ ತಟ್ಟೆ ಸಿಕ್ಕಿಸಿ ಇಡ್ಲಿ ಸಾಂಬಾರು ಕೊಡುತ್ತಿದ್ದರಂತೆ. ಹಿರಿಯ ಕೇಳುಗರೊಬ್ಬರು ನನಗೆ ಹೇಳಿದ್ದು, "ನಮಗೆ ಅದು ಹೋಟೆಲ್ ಅಲ್ಲಮ್ಮ, ಪಾರ್ಕು. ಅಪ್ಪ ಅಮ್ಮ ಕಾಫಿ ಕುಡಿಯುತ್ತಾ ಕೂತಿದ್ದರೆ ನಾವು ಮರಗಳ ಕೆಳಗೆ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು." ಆ ಹಳೆಯ ಮರಗಳಲ್ಲಿ ಎಷ್ಟೋ ಇಂದಿಗೂ ಅಲ್ಲಿವೆ. ಇಡ್ಲಿಯಿಲ್ಲ, ನೆರಳಿದೆ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದಾಗಲೆಲ್ಲ ನನಗೆ ಯಾಕೋ ಊರಿನ ಹಿತ್ತಿಲಿಗೆ ಬಂದಂತಾಗುತ್ತದೆ.

ಮಧ್ಯಾಹ್ನ ಹೊರಗೆ ಹೋಗಲೇಬೇಕಾಗಿ ಬಂದರೆ, ಎಗ್ಮೋರಿನ ವಸ್ತುಸಂಗ್ರಹಾಲಯವಿದೆ, 1851ರಲ್ಲಿ ಆರಂಭವಾದದ್ದು. ಶುಕ್ರವಾರ ರಜೆ. ಅಥವಾ ಸುಮ್ಮನೆ ಮೆಟ್ರೋ ಹತ್ತಿ ಸುರಂಗದಲ್ಲಿ ಒಂದು ಸುತ್ತು ಹೋಗಿ ಬನ್ನಿ. ಮಕ್ಕಳಿಗೆ ಅದೂ ಪ್ರವಾಸವೇ. ಆಟದ ಮೈದಾನ ಮಾತ್ರ ಬೇಡ. ತಗಡಿನ ಜಾರುಬಂಡೆಯ ಮೇಲೆ ಮೊದಲು ನಿಮ್ಮ ಅಂಗೈ ಇಟ್ಟು ನೋಡಿ, ಐದು ಎಣಿಸುವವರೆಗೆ ಇಡಲಾಗದಿದ್ದರೆ ಮಗುವಿನ ತೊಡೆಗೂ ಅದು ತಕ್ಕದ್ದಲ್ಲ. ಇನ್ನೊಂದು ಮಾತು, ನಿಂತ ಕಾರಿನೊಳಗೆ ಮಗುವನ್ನು ಒಂದು ನಿಮಿಷವೂ ಬಿಡಬೇಡಿ. ಬಿಸಿಲಲ್ಲಿ ಹತ್ತೇ ನಿಮಿಷಕ್ಕೆ ಒಳಗಿನ ತಾಪ ಸುಮಾರು ಹತ್ತು ಡಿಗ್ರಿ ಏರುತ್ತದೆ, ಕಿಟಕಿ ಸ್ವಲ್ಪ ಇಳಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ. ಕೈಮಗುವಿನ ತಳ್ಳುಗಾಡಿಗೆ ಬಿಸಿಲು ಬೀಳದಿರಲಿ ಅಂತ ಬಟ್ಟೆ ಮುಚ್ಚುವವರಿದ್ದಾರೆ. ಒಳಗೆ ಗಾಳಿಯಾಡದೆ ಅದು ಇನ್ನೂ ಕಾಯುತ್ತದೆ.

ಚೀಲದ ವಿಚಾರ. ಈಗ ತಲೆಗೊಂದು ಬಾಟಲಿ. ಬಾಯಾರಿಕೆ ಅಂತ ಅವಳು ಹೇಳುವವರೆಗೆ ಕಾಯುವುದಿಲ್ಲ, ಇಪ್ಪತ್ತು ನಿಮಿಷಕ್ಕೊಮ್ಮೆ ನಾಲ್ಕು ಗುಟುಕು. ಆರು ತಿಂಗಳೊಳಗಿನ ಕೂಸಿಗೆ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು. ಉಪ್ಪು ಹಾಕಿದ ನೀರುಮಜ್ಜಿಗೆ ಒಂದು ಸಣ್ಣ ಫ್ಲಾಸ್ಕಿನಲ್ಲಿ. ಸಡಿಲವಾದ ಹತ್ತಿ ಬಟ್ಟೆ, ಅಗಲ ಅಂಚಿನ ಟೋಪಿ, ಒದ್ದೆ ಮಾಡಿಕೊಳ್ಳಲು ಒಂದು ಟವೆಲ್. ತಿನ್ನಲು ಹೆಸರುಬೇಳೆ ಕೋಸಂಬರಿ, ಸೌತೆಕಾಯಿ. ದಾರಿಯಲ್ಲಿ ತಾಟಿನುಂಗು ಸಿಕ್ಕಿದರೆ ನಿಲ್ಲದೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿ ತಳ್ಳುಗಾಡಿಯಲ್ಲಿ ಕೂಳು ಅಂತ ಮಾರುತ್ತಾರೆ, ಬೇರೇನೂ ಅಲ್ಲ, ನಮ್ಮ ರಾಗಿ ಅಂಬಲಿಯ ಅಣ್ಣ. ಮಗಳು ಮನೆಯ ಅಂಬಲಿಗೆ ಮುಖ ಸಿಂಡರಿಸುತ್ತಾಳೆ, ಗಾಡಿಯ ಕೂಳನ್ನು ಹಸಿಮೆಣಸಿನಕಾಯಿ ಬಾಳಕದ ಜೊತೆ ಸೊರ್ ಅಂತ ಕುಡಿಯುತ್ತಾಳೆ.

ಇಷ್ಟೆಲ್ಲ ಮಾಡಿದರೂ ಒಂದು ದಿನ ತಪ್ಪಬಹುದು, ಹಾಗಾಗಿ ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಮಗು ಮಂಕಾದರೆ, ತಲೆನೋವು ಅಂದರೆ, ಕಾಲು ಹಿಡಿದುಕೊಂಡರೆ, ವಾಂತಿಯಾದರೆ, ತಕ್ಷಣ ನೆರಳಿಗೆ ಬನ್ನಿ. ಬಟ್ಟೆ ಸಡಿಲಿಸಿ, ಮೈಗೆ ನೀರು ಹಾಕಿ ಗಾಳಿ ಬೀಸಿ, ಗುಟುಕು ಗುಟುಕಾಗಿ ಓಆರ್‌ಎಸ್ ಕೊಡಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸ ಆರು ಟೀಚಮಚ ಸಕ್ಕರೆ, ಅರ್ಧ ಟೀಚಮಚ ಉಪ್ಪು. ಆದರೆ ಮಗು ಏನೇನೋ ಮಾತಾಡತೊಡಗಿದರೆ, ಗುರುತು ಹಿಡಿಯದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಪ್ರಜ್ಞೆ ತಪ್ಪಿದರೆ, ಅದು ಬಳಲಿಕೆ ಅಲ್ಲ, ಬಿಸಿಲಾಘಾತ. ಆಗ ಬಾಯಿಗೆ ಏನನ್ನೂ ಹಾಕಬೇಡಿ. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವವರೆಗೂ ನೀರು ಸುರಿದು ಗಾಳಿ ಬೀಸುವುದನ್ನು ನಿಲ್ಲಿಸಬೇಡಿ. ಜ್ವರದ ಮಾತ್ರೆ ಇದಕ್ಕೆ ಮದ್ದಲ್ಲ.

ಸಂಜೆಯ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಜನವರಿಯಿಂದ ಈ ಕರಾವಳಿಗೆ ಆಲಿವ್ ರಿಡ್ಲಿ ಆಮೆಗಳು ಮೊಟ್ಟೆ ಇಡಲು ಬರುತ್ತವೆ. 1988ರಿಂದ ಇಲ್ಲಿಯ ವಿದ್ಯಾರ್ಥಿಗಳ ಗುಂಪೊಂದು ರಾತ್ರಿಯೆಲ್ಲ ದಡದಲ್ಲಿ ನಡೆದು ಮೊಟ್ಟೆಗಳನ್ನು ಕಾಪಾಡುತ್ತಾ ಬಂದಿದೆ. ಸುಮಾರು 45 ದಿನಕ್ಕೆ ಮರಿ ಹೊರಬರುತ್ತದೆ, ಬೇಸಿಗೆಯ ಸಂಜೆಗಳಲ್ಲಿ ಬೆಸೆಂಟ್ ನಗರದ ದಡದಿಂದ ಮರಿಗಳನ್ನು ಕಡಲಿಗೆ ಬಿಡುತ್ತಾರೆ. ಮರಳು ಹೆಚ್ಚು ಕಾದರೆ ಹೆಣ್ಣು ಮರಿಗಳು, ತಂಪಿದ್ದರೆ ಗಂಡು. ಇದನ್ನು ಕೇಳಿ ಮಗಳು, "ಹಾಗಾದ್ರೆ ಈ ವರ್ಷ ಎಲ್ಲ ಹುಡುಗೀರೇ" ಅಂದಳು. 2025ರ ಜನವರಿಯಲ್ಲಿ ಇದೇ ದಡದ ಮೇಲೆ ನೂರಾರು ದೊಡ್ಡ ಆಮೆಗಳು ಸತ್ತು ಬಿದ್ದಿದ್ದವು. ಅದನ್ನೂ ಅವಳಿಗೆ ಹೇಳಿದೆ. ಆ ವರ್ಷ ಮರಿಗಳು ಹೊರಟಾಗ ಅವಳು ಒಂದೊಂದನ್ನೂ ಎಣಿಸಿದಳು, ಕತ್ತಲಾಗಿ ಕಾಣಿಸದಾಗುವವರೆಗೆ.

ಮತ್ತೆ ಹುಣ್ಣಿಮೆ. ಪೂರ್ವದ ಕಡಲಾದ್ದರಿಂದ ಹುಣ್ಣಿಮೆಯ ಸಂಜೆ ಹಿಂದೆ ಊರಿನ ಕಡೆ ಸೂರ್ಯ ಮುಳುಗುವ ಹೊತ್ತಿಗೇ ಮುಂದೆ ನೀರಿನಿಂದ ಚಂದ್ರ ಏಳುತ್ತದೆ. ಮೊದಲು ಕೆಂಪಗೆ, ಆಮೇಲೆ ಹಿತ್ತಾಳೆ ತಟ್ಟೆಯ ಹಾಗೆ. ಬಿಸಿಲಿಲ್ಲ, ಗಾಳಿ ಇರುತ್ತದೆ, ಟಿಕೆಟ್ ಇಲ್ಲ. ಕನ್ನಡಕ ಹಾಕಿಕೊಂಡೇ ನೋಡುತ್ತಾಳೆ ಮಗಳು. ಆದರೆ ನೋಡುತ್ತಾಳೆ.

ಮುಂದಿನ ಹುಣ್ಣಿಮೆಗೆ ತಂತಿಯ ಬಟ್ಟೆ ಒಳನಾಡಿನ ಕಡೆ ಹಾರುತ್ತಿದ್ದರೆ ನಾವು ಸ್ಮಾರಕದಿಂದ ಸ್ವಲ್ಪ ಉತ್ತರಕ್ಕೆ, ಸುಂಡಲ್ ಗಾಡಿಯ ಹತ್ತಿರ ಕೂತಿರುತ್ತೇವೆ. ಕನ್ನಡದಲ್ಲಿ ಜೋರಾಗಿ ಮಾತಾಡುವ ಸಂಸಾರ, ಜೊತೆಗೆ ದೊಡ್ಡ ಸ್ಟೀಲ್ ಡಬ್ಬಿ. ಕೋಸಂಬರಿ ಜಾಸ್ತಿಯೇ ಇರುತ್ತದೆ, ಬನ್ನಿ.